ಆನ್‌ಲೈನ್ ಅಂಗಡಿ ಜಾಹೀರಾತು ಬಂದ್ ಆತೇನ್ರಿ? ಗಾಬರಿ ಬ್ಯಾಡ, ಹೊಸ ಅಕೌಂಟೂ ಬ್ಯಾಡ

ಅಂಕಲಿ (ಚಿಕ್ಕೋಡಿ): ಕೃಷ್ಣಾ ತೀರದ ಕಬ್ಬಿನ ಬೆಲ್ಲ, ರಾಯಬಾಗ ಭಾಗದ ಅರಿಷಿಣ, ಅಥಣಿ-ನಿಪ್ಪಾಣಿ ಕಡೆಯ ಕೊಲ್ಹಾಪುರಿ ಚಪ್ಪಲಿ. ಇವೆಲ್ಲ ಈಗ ವಾರದ ಸಂತೆಯಲ್ಲಿ ಮಾತ್ರ ಸಿಗುವ ಸರಕಲ್ಲ. ಒಂದು ಮೊಬೈಲು, ಒಂದು ಸಣ್ಣ ವೆಬ್‌ಸೈಟು, ದಿನಕ್ಕೆ ನೂರಿನ್ನೂರು ರೂಪಾಯಿ ಜಾಹೀರಾತು ಇದ್ದರೆ ಪುಣೆ, ಬೆಂಗಳೂರಿನ ಗಿರಾಕಿಯೂ ಸಿಗುತ್ತಾನೆ. ಆದರೆ ಇಂಥ ಅಂಗಡಿಗಳಿಗೆ ಒಂದು ಪೆಟ್ಟು ಹೇಳದೆ ಕೇಳದೆ ಬೀಳುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ‘ನಿಮ್ಮ ಜಾಹೀರಾತು ನಮ್ಮ ನೀತಿಯನ್ನು ಉಲ್ಲಂಘಿಸಿದೆ, ಖಾತೆ ಅಮಾನತುಗೊಂಡಿದೆ’ ಎಂಬ ಇ-ಮೇಲ್ ಬಂದಿರುತ್ತೆ. ಆರ್ಡರ್ ನಿಲ್ಲುತ್ತೆ. ಮಾಲು ಕಟ್ಟಿಟ್ಟವರು, ಚಪ್ಪಲಿ ಹೊಲಿದವರು, ಎಲ್ಲರೂ ಕೈಕಟ್ಟಿ ಕೂರಬೇಕಾಗುತ್ತೆ. ಅದೂ ದಸರಾ-ದೀಪಾವಳಿ ಹೊತ್ತಿಗೆ ಆದರಂತೂ ಮುಗಿದೇ ಹೋಯ್ತು.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಮೊದಲ ಕೆಲಸವೇ ತಪ್ಪಿನ ಕೆಲಸ. ಬೇರೆ ಇ-ಮೇಲ್‌ನಿಂದ ಹೊಸ ಖಾತೆ ತೆರೆಯುತ್ತಾರೆ, ಇಲ್ಲವೇ ‘ಅನ್‌ಬ್ಯಾನ್ ಮಾಡಿಕೊಡ್ತೀನಿ’ ಎನ್ನುವವರಿಗೆ ದುಡ್ಡು ಕೊಡುತ್ತಾರೆ. ಎರಡೂ ಕೆಲಸದಿಂದ ಗಾಯ ದೊಡ್ಡದಾಗುತ್ತೆ ಹೊರತು ವಾಸಿಯಾಗಲ್ಲ. ಹಾಗಾದರೆ ಏನು ಮಾಡಬೇಕು? ಹಂತ ಹಂತವಾಗಿ ಇಲ್ಲಿದೆ.

ಮೊದಲು ಪೆಟ್ಟು ಯಾವ ಮಟ್ಟದ್ದು ನೋಡಿ

ಎಲ್ಲಾ ‘ಉಲ್ಲಂಘನೆ’ಗಳೂ ಒಂದೇ ಅಲ್ಲ. ಸಾಮಾನ್ಯವಾಗಿ ಮೂರು ಮಟ್ಟ ಇರ್ತವೆ.

ಒಂದು, ಒಂದೇ ಜಾಹೀರಾತು ತಿರಸ್ಕೃತ. ಖಾತೆ ಸುರಕ್ಷಿತ. ಜಾಹೀರಾತಿನ ಮಾತನ್ನೋ ಚಿತ್ರವನ್ನೋ ಅದು ಕರೆದೊಯ್ಯುವ ಪುಟವನ್ನೋ ಸರಿಪಡಿಸಿ ಮತ್ತೆ ಕಳಿಸಿದರೆ ಸಾಕು. ಗೂಗಲ್‌ನಲ್ಲೂ ಮೆಟಾದಲ್ಲೂ (ಫೇಸ್‌ಬುಕ್, ಇನ್‌ಸ್ಟಾಗ್ರಾಂ) ಬಹುಪಾಲು ಜಾಹೀರಾತುಗಳ ಪರಿಶೀಲನೆ ಒಂದು ದಿನದೊಳಗೆ ಮುಗಿಯುತ್ತೆ.

ಎರಡು, ಎಚ್ಚರಿಕೆ ಮತ್ತು ಸ್ಟ್ರೈಕ್. ಗೂಗಲ್ ಆ್ಯಡ್ಸ್‌ನಲ್ಲಿ ಕೆಲವು ನೀತಿಗಳಿಗೆ ಈ ಪದ್ಧತಿ ಇದೆ. ಮೊದಲ ಸಲ ಬರೀ ಎಚ್ಚರಿಕೆ. ಮತ್ತೆ ಅದೇ ತಪ್ಪಾದರೆ ಮೊದಲ ಸ್ಟ್ರೈಕ್, 3 ದಿನ ಖಾತೆ ತಡೆ. ಎರಡನೇ ಸ್ಟ್ರೈಕ್‌ಗೆ 7 ದಿನ ತಡೆ. ಮೂರನೇದಕ್ಕೆ ಖಾತೆಯೇ ಅಮಾನತು. ಪ್ರತಿ ಸ್ಟ್ರೈಕ್ 90 ದಿನಕ್ಕೆ ಅಳಿಯುತ್ತೆ. ತಪ್ಪು ತಿದ್ದಿ ಒಪ್ಪಿಗೆ ಪತ್ರ ತುಂಬಬಹುದು, ತಪ್ಪೇ ಆಗಿಲ್ಲ ಅನ್ನಿಸಿದರೆ ಮೇಲ್ಮನವಿ ಹಾಕಬಹುದು.

ಮೂರು, ನೇರ ಅಮಾನತು. ನಕಲಿ ಮಾಲು ಮಾರಾಟ, ವ್ಯವಸ್ಥೆಗೆ ಕಣ್ಣುಕಟ್ಟು ಮಾಡುವುದು, ವೈರಸ್ ಹರಡುವ ಸೈಟು, ಗಿರಾಕಿಗೆ ಮೋಸ ಮಾಡುವ ವ್ಯವಹಾರ. ಇಂಥವನ್ನು ಗೂಗಲ್ ‘ಗಂಭೀರ ಉಲ್ಲಂಘನೆ’ ಎಂದು ಎಣಿಸಿ ಮುನ್ಸೂಚನೆ ಇಲ್ಲದೇ ಖಾತೆ ಮುಚ್ಚುತ್ತೆ. ಆನ್‌ಲೈನ್ ಅಂಗಡಿಗಳ ಸರಕಿನ ಪಟ್ಟಿ ಇಡುವ ಮರ್ಚೆಂಟ್ ಸೆಂಟರ್‌ನಲ್ಲಿ ‘ತಪ್ಪು ನಿರೂಪಣೆ’ ಎಂಬ ಕಾರಣವೂ ಇದೇ ಸಾಲಿನದ್ದು. ಸಣ್ಣ ಅಂಗಡಿಗಳು ಹೆಚ್ಚು ಸಿಕ್ಕಿಬೀಳುವುದು ಇಲ್ಲೇ.

ಇನ್ನೊಂದು ಮಾತು. ಕೆಲವೊಮ್ಮೆ ಖಾತೆ ನಿಂತಿರುವುದು ನೀತಿಯಿಂದಲ್ಲ, ಬಿಲ್ಲಿನಿಂದ. ಬಾಕಿ ಉಳಿದಿದ್ದರೆ, ಅಥವಾ ಬೇರೆಯವರ ಹೆಸರಿನ ಕಾರ್ಡು ಹಾಕಿ ವ್ಯವಸ್ಥೆಗೆ ಸಂಶಯ ಬಂದಿದ್ದರೆ ಅದಕ್ಕೆ ಮದ್ದೇ ಬೇರೆ. ಹಾಗಾಗಿ ಇ-ಮೇಲ್‌ನಲ್ಲಿ ಬರೆದ ನೀತಿಯ ಹೆಸರನ್ನು ಅಕ್ಷರ ಬಿಡದೆ ಓದಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗೂಗಲ್‌ನಲ್ಲಿ ‘ಪಾಲಿಸಿ ಮ್ಯಾನೇಜರ್’, ಮೆಟಾದಲ್ಲಿ ‘ಬಿಸಿನೆಸ್ ಸಪೋರ್ಟ್ ಹೋಮ್’ ಎಂಬಲ್ಲಿ ಇದರ ವಿವರ ಸಿಗುತ್ತೆ.

ಊರು ಒಂದು, ಸ್ಪೆಲಿಂಗ್ ಮೂರು

ನಮ್ಮ ಭಾಗದ ವ್ಯಾಪಾರಿಗಳಿಗೆ ಒಂದು ವಿಶೇಷ ತಾಪತ್ರಯ ಇದೆ. ಇಂಗ್ಲಿಷಿನಲ್ಲಿ ಚಿಕ್ಕೋಡಿಗೆ ಕೆಲವರು ಒಂದು ‘ಕೆ’ ಹಾಕ್ತಾರೆ, ಕೆಲವರು ಎರಡು. ನಿಪ್ಪಾಣಿಯದ್ದೂ ಅದೇ ಕಥೆ, ‘ಪಿ’ ಒಂದೋ ಎರಡೋ. ಅಥಣಿಯಲ್ಲಿ ನಡುವಿನ ‘ಎ’ ಬರುತ್ತೆ, ಹೋಗುತ್ತೆ. ರಾಯಬಾಗಕ್ಕೆ ‘ಐ’ ಹಾಕಬೇಕೋ ‘ವೈ’ ಹಾಕಬೇಕೋ ಯಾರಿಗೂ ಗೊತ್ತಿಲ್ಲ. ಬೆಳಗಾವಿ ಹೆಸರು 2014ರ ನವೆಂಬರ್ 1ರಿಂದ ಅಧಿಕೃತವಾಗಿ ಬದಲಾಗಿದ್ದರೂ ಹಳೇ ಕಾಗದಗಳಲ್ಲಿ ‘ಬೆಲ್ಗಾಂ’ ಅಂತಲೇ ಇದೆ.

ಅದರ ಮೇಲೆ ಅಂಕಲಿ ಹೆಸರಿನ ಇನ್ನೊಂದು ಊರು ಸಾಂಗಲಿ ಜಿಲ್ಲೆಯ ಮೀರಜ ತಾಲೂಕಿನಲ್ಲಿದೆ, ಅದೂ ಕೃಷ್ಣೆಯ ದಂಡೆಯ ಮೇಲೆಯೇ! ವೆಬ್‌ಸೈಟಿನ ನಕ್ಷೆಯಲ್ಲಿ ಆ ಅಂಕಲಿಗೆ ಗುರುತು ಬಿದ್ದು, ಜಿಎಸ್‌ಟಿ ಕಾಗದದಲ್ಲಿ ಚಿಕ್ಕೋಡಿ ತಾಲೂಕಿನ ಅಂಕಲಿ ಇದ್ದರೆ, ದೂರದಲ್ಲಿ ಕೂತ ಪರಿಶೀಲಕನಿಗೆ ಅಥವಾ ಯಂತ್ರಕ್ಕೆ ಕಾಣುವುದು ಇಷ್ಟೇ: ವಿಳಾಸ ಒಂದಕ್ಕೊಂದು ತಾಳೆ ಇಲ್ಲ, ಈ ಅಂಗಡಿ ತಾನು ಯಾರೆಂದು ಸರಿಯಾಗಿ ಹೇಳುತ್ತಿಲ್ಲ.

ಪರಿಹಾರ ಸರಳ. ಜಿಎಸ್‌ಟಿ ಅಥವಾ ಉದ್ಯಮ್ ನೋಂದಣಿಯಲ್ಲಿ ಅಂಗಡಿ ಹೆಸರು ಮತ್ತು ವಿಳಾಸ ಹೇಗಿದೆಯೋ ಅದನ್ನೇ ಅಕ್ಷರಶಃ ವೆಬ್‌ಸೈಟಿನ ಅಡಿ, ಸಂಪರ್ಕ ಪುಟ, ಗೂಗಲ್ ನಕ್ಷೆಯ ಬಿಸಿನೆಸ್ ಪ್ರೊಫೈಲ್, ಮರ್ಚೆಂಟ್ ಸೆಂಟರ್, ಪೇಮೆಂಟ್ ಖಾತೆ, ಫೇಸ್‌ಬುಕ್ ಪುಟ, ಎಲ್ಲ ಕಡೆ ಹಾಕಿ. ಪಿನ್ ಕೋಡ್, ತಾಲೂಕು, ಜಿಲ್ಲೆ, ರಾಜ್ಯ ಬಿಡಬೇಡಿ. ಮಗನ ಹೆಸರಿನಲ್ಲಿ ಸೈಟು, ತಂದೆಯ ಹೆಸರಿನಲ್ಲಿ ಜಿಎಸ್‌ಟಿ, ಸೋದರಮಾವನ ಕಾರ್ಡು. ಮನೆತನದ ವ್ಯಾಪಾರದಲ್ಲಿ ಇದು ಸಹಜ. ಆದರೆ ಯಂತ್ರಕ್ಕೆ ಮನೆತನ ಗೊತ್ತಿಲ್ಲ. ಎಲ್ಲವನ್ನೂ ಒಂದೇ ಹೆಸರಿಗೆ ತನ್ನಿ.

ಗಡಿ ಭಾಗದ ಇನ್ನೊಂದು ಸಂಗತಿ. ಇಲ್ಲಿಂದ ಮೀರಜ, ಸಾಂಗಲಿ ಹತ್ತಿರವೇ ಇರಬಹುದು, ಆದರೆ ಲೆಕ್ಕಕ್ಕೆ ಅದು ಹೊರರಾಜ್ಯ. ತೆರಿಗೆ ಬರುವ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ವಹಿವಾಟು ಎಷ್ಟೇ ಸಣ್ಣದಿದ್ದರೂ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕು. ಕೆಲವು ಕರಕುಶಲ ವಸ್ತುಗಳಿಗೆ ವಿನಾಯಿತಿ ಇದೆ, ನಿಮ್ಮ ಸರಕು ಅದರಲ್ಲಿ ಬರುತ್ತೋ ಇಲ್ಲವೋ ಲೆಕ್ಕಪರಿಶೋಧಕರ ಹತ್ತಿರ ಕೇಳಿಕೊಳ್ಳಿ.

ಸೈಟಿನಲ್ಲಿ ಇರಲೇಬೇಕಾದ ಪುಟಗಳು

‘ತಪ್ಪು ನಿರೂಪಣೆ’ ಅಂದ ಕೂಡಲೇ ‘ನಾವೇನು ಮೋಸ ಮಾಡಿಲ್ಲ’ ಎಂದು ಸಿಟ್ಟು ಬರುತ್ತೆ. ನಿಜ, ಮೋಸ ಇರಲಿಕ್ಕಿಲ್ಲ. ಆದರೆ ಸೈಟಿನಲ್ಲಿ ಮಾಹಿತಿ ಇಲ್ಲದಿದ್ದರೂ ಅದೇ ಹಣೆಪಟ್ಟಿ ಬೀಳುತ್ತೆ. ಗಿರಾಕಿ ದುಡ್ಡು ಕೊಡುವ ಮೊದಲು ಇವು ಕಾಣಬೇಕು:

– ಅಂಗಡಿಯ ಹೆಸರು, ಪೂರ್ತಿ ವಿಳಾಸ, ಫೋನ್, ಇ-ಮೇಲ್
– ಮಾಲು ವಾಪಸ್ ಮತ್ತು ಹಣ ಮರಳಿಸುವ ನಿಯಮ. ಎಷ್ಟು ದಿನದೊಳಗೆ, ವಾಪಸ್ ಕಳಿಸುವ ಖರ್ಚು ಯಾರದ್ದು
– ಡೆಲಿವರಿಗೆ ಎಷ್ಟು ದಿನ, ಎಷ್ಟು ಖರ್ಚು
– ಹಣ ಪಾವತಿಯ ದಾರಿಗಳು
– ಗಿರಾಕಿಯ ಮಾಹಿತಿಯನ್ನು ಹೇಗೆ ಇಟ್ಟುಕೊಳ್ಳುತ್ತೀರಿ ಎಂಬ ಗೋಪ್ಯತಾ ನೀತಿ
– ವಿಳಾಸ ಪಟ್ಟಿಯಲ್ಲಿ ಬೀಗದ ಗುರುತು, ಅಂದ್ರೆ ಎಸ್‌ಎಸ್‌ಎಲ್ ಭದ್ರತೆ

ಇದು ಗೂಗಲ್ ಹೇಳಿದ್ದಕ್ಕೆ ಮಾತ್ರ ಮಾಡುವ ಕೆಲಸ ಅಲ್ಲ. ನಮ್ಮ ದೇಶದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020 ಕೂಡ ಇದನ್ನೇ ಕೇಳುತ್ತವೆ. ಜೊತೆಗೆ ದೂರು ಕೇಳುವ ಅಧಿಕಾರಿಯ ಹೆಸರು ಹಾಕಬೇಕು, ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸಣ್ಣ ಅಂಗಡಿಯಲ್ಲಿ ಆ ಅಧಿಕಾರಿ ಮಾಲೀಕರೇ ಆಗಿದ್ದರೂ ಹೆಸರು ಹಾಕಿ.

‘ಎರಡೇ ಪೀಸ್ ಉಳಿದಿವೆ’, ‘ಹತ್ತು ನಿಮಿಷದಲ್ಲಿ ಆಫರ್ ಬಂದ್’ ಎಂಬ ಸುಳ್ಳು ಗಡಿಯಾರಗಳನ್ನು ಇವತ್ತೇ ತೆಗೆಯಿರಿ. ಇಂಥ 13 ಬಗೆಯ ಕಣ್ಣುಕಟ್ಟುಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ನಿಷೇಧಿಸಿದೆ. ಬೇರೆ ಸೈಟಿನಿಂದ ಎತ್ತಿದ ಫೋಟೊ, ದುಡ್ಡು ಕೊಟ್ಟು ಬರೆಸಿದ ರಿವ್ಯೂ ಕೂಡ ಇದೇ ಗುಂಪಿಗೆ ಸೇರಿದ ಅಪಾಯಗಳು.

ಬೆಲ್ಲ ಬೆಲ್ಲವೇ, ಔಷಧಿ ಅಲ್ಲ

ಆಹಾರ ಪದಾರ್ಥ ಮಾರುವವರ ಜಾಹೀರಾತು ಬೀಳುವುದು ಹೆಚ್ಚಾಗಿ ಮಾತಿನಿಂದ. ‘ನಮ್ಮ ಅರಿಷಿಣ ಕ್ಯಾನ್ಸರ್ ವಾಸಿ ಮಾಡುತ್ತೆ’, ‘ಈ ಬೆಲ್ಲ ತಿಂದರೆ ಶುಗರ್ ಬರಲ್ಲ’ ಎಂದು ಬರೆದರೆ ಜಾಹೀರಾತು ಹೋಗುವುದಷ್ಟೇ ಅಲ್ಲ, ಕಾನೂನಿನ ಬಾಗಿಲಿಗೂ ಹೋದಂತೆ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ, 1954ರ ಪಟ್ಟಿಯಲ್ಲಿ ಕ್ಯಾನ್ಸರ್, ಮಧುಮೇಹ ಎರಡೂ ಇವೆ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ನಿಯಮಗಳೂ ಆಹಾರ ರೋಗ ಗುಣಪಡಿಸುತ್ತೆ ಎಂದು ಹೇಳಬಾರದು ಅನ್ನುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಮೆಟಾದಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಓದುವವನ ದೇಹ, ಕಾಯಿಲೆ, ಧರ್ಮ, ಹಣಕಾಸಿನ ಸ್ಥಿತಿಯನ್ನು ನೇರವಾಗಿ ಎತ್ತಿ ಆಡುವಂತಿಲ್ಲ. ‘ನಿಮಗೆ ಶುಗರ್ ಇದೆಯೇ?’ ಎಂದು ಶುರು ಮಾಡಿದ ಜಾಹೀರಾತು ಅಲ್ಲೇ ಬೀಳುತ್ತೆ. ಅದರ ಬದಲು ‘ರಾಸಾಯನಿಕ ಹಾಕದ ಬೆಲ್ಲ, ಗಾಣದ ಮನೆಯಿಂದ ನೇರ ನಿಮ್ಮ ಮನೆಗೆ’ ಎಂದರೆ ಯಾರ ತಕರಾರೂ ಇಲ್ಲ. ಅದು ಸತ್ಯವಾಗಿದ್ದರೆ ಮಾತ್ರ.

‘ಸಾವಯವ’ ಎಂಬ ಪದವನ್ನೂ ಸುಮ್ಮನೆ ಹಾಕಬೇಡಿ. ಅದಕ್ಕೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರದ ಪದ್ಧತಿ ಇದೆ. ನೇರವಾಗಿ ಗ್ರಾಹಕರಿಗೆ ಮಾರುವ ಸಣ್ಣ ಉತ್ಪಾದಕರಿಗೆ ಪ್ರಮಾಣಪತ್ರದಲ್ಲಿ ರಿಯಾಯಿತಿ ಇದ್ದರೂ ‘ಜೈವಿಕ್ ಭಾರತ್’ ಚಿಹ್ನೆ ಬಳಸುವಂತಿಲ್ಲ. ಆಹಾರ ಪರವಾನಗಿಯ 14 ಅಂಕಿಯ ಸಂಖ್ಯೆಯನ್ನು ಸೈಟಿನಲ್ಲಿ ಕಾಣುವಂತೆ ಹಾಕಿ. ಪೊಟ್ಟಣದ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಹೆಸರು ಕೂಡ ಇರಲಿ.

ಚಪ್ಪಲಿ ಮಾರುವವರೇ, ಹೆಸರಿನ ಬಗ್ಗೆ ಜೋಪಾನ

ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ, ಅಂದ್ರೆ ಜಿಐ ಮಾನ್ಯತೆ ಸಿಕ್ಕಿತು. ಅದು ಬರೀ ಮಹಾರಾಷ್ಟ್ರದ್ದಲ್ಲ. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರದ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿವೆ. ಅಥಣಿ, ನಿಪ್ಪಾಣಿ ಭಾಗದಲ್ಲಿ ಹೊಲಿದ ಚಪ್ಪಲಿಯೂ ಅಸಲಿ ಕೊಲ್ಹಾಪುರಿಯೇ. ಹಂಗಂತ ಯಾರು ಬೇಕಾದರೂ ಜಿಐ ಚಿಹ್ನೆ ಹಾಕುವಂತಿಲ್ಲ. ಜಿಐ ಕಾಯ್ದೆ, 1999ರ ಪ್ರಕಾರ ‘ಅಧಿಕೃತ ಬಳಕೆದಾರ’ ಎಂದು ನೋಂದಣಿ ಆಗಿರಬೇಕು. ಆ ಪ್ರಮಾಣಪತ್ರ ಇದ್ದರೆ ಮೇಲ್ಮನವಿಯಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ಕರ್ನಾಟಕದಲ್ಲಿ ಈ ಬಗ್ಗೆ ಕೇಳಬೇಕಾದ್ದು ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದ್ರೆ ಲಿಡ್ಕರ್ ಹತ್ತಿರ.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿ ತೋರಿಸಿ ದೊಡ್ಡ ಗದ್ದಲವಾಯ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಕಂಪನಿ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಂ ಜೊತೆ ಒಪ್ಪಂದವನ್ನೂ ಮಾಡಿಕೊಂಡಿತು. ಈ ಸುದ್ದಿಯ ಲಾಭ ಪಡೆಯೋಣ ಎಂದು ಯಾರಾದರೂ ತಮ್ಮ ಸರಕಿನ ಹೆಸರಿನಲ್ಲಿ ‘ಪ್ರಾಡಾ ಕಾಪಿ’, ‘ಪ್ರಾಡಾ ಮಾಡೆಲ್’ ಎಂದು ಬರೆದರೆ ಕಥೆ ಉಲ್ಟಾ ಆಗುತ್ತೆ. ಅವರು ನಮ್ಮದನ್ನು ನೋಡಿ ಮಾಡಿದ್ದು ಎಂಬುದು ಜಗತ್ತಿಗೇ ಗೊತ್ತು. ಆದರೆ ಜಾಹೀರಾತಿನ ಯಂತ್ರ ನೋಡುವುದು ಬ್ರ್ಯಾಂಡ್ ಹೆಸರನ್ನು, ಅದರ ಪಕ್ಕದ ‘ಕಾಪಿ’ ಎಂಬ ಪದವನ್ನು. ತೀರ್ಪು: ನಕಲಿ ಮಾಲು. ಖಾತೆ ನೇರ ಬಂದ್. ತಲೆಮಾರುಗಳಿಂದ ಅಸಲಿ ಮಾಲು ಮಾಡಿದವರ ಮೇಲೆ ನಕಲಿ ಎಂಬ ಮುದ್ರೆ ಬೀಳುವುದಕ್ಕಿಂತ ಕೆಟ್ಟದ್ದು ಬೇರೇನಿದೆ?

ಕೈಯಿಂದ ಮಾಡಿದ ಸರಕಿಗೆ ಬಾರ್‌ಕೋಡ್ ಸಂಖ್ಯೆ ಇರಲ್ಲ. ಮರ್ಚೆಂಟ್ ಸೆಂಟರ್ ಕೇಳಿತೆಂದು ಎಲ್ಲಿಂದಲೋ ಒಂದು ಸಂಖ್ಯೆ ತಂದು ತುಂಬಬೇಡಿ. ಗುರುತಿನ ಸಂಖ್ಯೆ ಇಲ್ಲ ಎಂದು ತಿಳಿಸುವ ಆಯ್ಕೆ ಅಲ್ಲೇ ಇದೆ.

ತಂಬಾಕಿಗೆ ದಾರಿಯೇ ಇಲ್ಲ

ನಿಪ್ಪಾಣಿ ಭಾಗದವರು ಇದನ್ನು ಸ್ಪಷ್ಟವಾಗಿ ತಿಳಿದುಕೊಳ್ಳಬೇಕು. ಬೀಡಿ, ಜರ್ದಾ, ತಂಬಾಕು ಎಲೆ, ಸುತ್ತುವ ಕಾಗದ, ಯಾವುದರ ಜಾಹೀರಾತೂ ಗೂಗಲ್‌ನಲ್ಲಿ ನಡೆಯಲ್ಲ. ಮೆಟಾದಲ್ಲೂ ತಂಬಾಕಿಗೆ ನಿಷೇಧ. ನಮ್ಮ ದೇಶದ ತಂಬಾಕು ನಿಯಂತ್ರಣ ಕಾಯ್ದೆ (ಕೋಟ್ಪಾ), 2003 ಕೂಡ ಜಾಹೀರಾತು ನಿಷೇಧಿಸಿದೆ. ಇಲ್ಲಿ ಮೇಲ್ಮನವಿ ಬರೆದು ಸಮಯ ಹಾಳು ಮಾಡಬೇಡಿ. ಒಂದೇ ಸೈಟಿನಲ್ಲಿ ಬೆಲ್ಲವೂ ಜರ್ದಾವೂ ಇದ್ದರೆ ಜರ್ದಾದಿಂದ ಬೆಲ್ಲದ ಜಾಹೀರಾತೂ ಹೋಗಬಹುದು. ಸರಕನ್ನು ಸೈಟಿನಿಂದ ಪೂರ್ತಿ ತೆಗೆಯಿರಿ, ಅಡಗಿಸಿಟ್ಟರೆ ಸಾಲದು.

ದರ ತಾಳೆ ಆಗಬೇಕು, ಸೈಟು ತೆರೆಯಬೇಕು

ಜಾಹೀರಾತಿನಲ್ಲಿ 899 ರೂಪಾಯಿ, ಪುಟದಲ್ಲಿ 949, ಹಣ ಕೊಡುವಾಗ ಮತ್ತೆ 80 ರೂಪಾಯಿ ಪ್ಯಾಕಿಂಗ್ ಖರ್ಚು. ಅಂಗಡಿಯವರಿಗೆ ಇದು ದರ ಬದಲಿಸಲು ಮರೆತದ್ದು, ವ್ಯವಸ್ಥೆಗೆ ಇದು ಮೋಸ. ಸರಕಿನ ಪಟ್ಟಿ, ಪುಟ, ಬಿಲ್ಲು ಮೂರೂ ಕಡೆ ದರ ಮತ್ತು ದಾಸ್ತಾನು ಒಂದೇ ಇರಲಿ. ದರ ಬದಲಿಸಿದ ದಿನವೇ ಪಟ್ಟಿಯನ್ನೂ ಬದಲಿಸಿ.

‘ಪುಟ ತೆರೆಯುತ್ತಿಲ್ಲ’ ಎಂಬ ದೂರು ಬಂದರೆ ಡೊಮೇನ್ ಅವಧಿ ಮುಗಿದಿದೆಯೇ, ಗೂಗಲ್‌ನ ಯಂತ್ರವನ್ನು ಸೈಟು ತಡೆಯುತ್ತಿದೆಯೇ, ಹೊರದೇಶದಿಂದ ತೆರೆಯದಂತೆ ಹೋಸ್ಟಿಂಗ್‌ನವರು ಬೀಗ ಹಾಕಿದ್ದಾರೆಯೇ ನೋಡಿ. ನಿಮ್ಮ ಮೊಬೈಲಿನಲ್ಲಿ ತೆರೆದರೆ ಸಾಲದು, ಪರಿಶೀಲಿಸುವ ಯಂತ್ರ ಬೇರೆ ದೇಶದಲ್ಲಿರಬಹುದು. ಪುಕ್ಕಟೆ ಸಿಕ್ಕಿತೆಂದು ಕದ್ದ ಥೀಮ್, ಪ್ಲಗ್‌ಇನ್ ಹಾಕಿದ ಸೈಟುಗಳಲ್ಲಿ ವೈರಸ್ ಕೂತಿರುವುದು ಸಾಮಾನ್ಯ. ಗೂಗಲ್ ಸರ್ಚ್ ಕನ್ಸೋಲ್‌ನ ಭದ್ರತಾ ವಿಭಾಗದಲ್ಲಿ ಅದು ಕಾಣುತ್ತೆ.

ಮೇಲ್ಮನವಿ ಬರೆಯುವುದು ಹೇಗೆ?

ಮೊದಲ ನಿಯಮ: ಸರಿಪಡಿಸಿದ ಮೇಲೆಯೇ ಮನವಿ. ಸಿಟ್ಟಿನಲ್ಲಿ ದಿನಕ್ಕೆ ಮೂರು ಸಲ ಗುಂಡಿ ಒತ್ತಿದರೆ ಲಾಭವಿಲ್ಲ. ಮರ್ಚೆಂಟ್ ಸೆಂಟರ್‌ನಲ್ಲಿ ಮನವಿ ವಿಫಲವಾಗುತ್ತ ಹೋದರೆ ಮುಂದಿನ ಮನವಿಗೆ ಕಾಯುವ ಅವಧಿ ಹಾಕುತ್ತಾರೆ, ಅಷ್ಟು ದಿನ ಗುಂಡಿಯೇ ಕೆಲಸ ಮಾಡಲ್ಲ. ಒಂದು ಪರಿಶೀಲನೆಗೆ ಏಳು ಕೆಲಸದ ದಿನದವರೆಗೂ ಹಿಡಿಯಬಹುದು. ಹಾಗಾಗಿ ಹಬ್ಬದ ಹಿಂದಿನ ವಾರ ಹೊಸ ಪ್ರಯೋಗಕ್ಕೆ ಇಳಿಯದಿರುವುದೇ ಜಾಣತನ.

ಮನವಿಯಲ್ಲಿ ನಾಲ್ಕೇ ಸಂಗತಿ ಇರಲಿ: ನಾವು ಯಾರು, ಯಾವ ನೀತಿಯಡಿ ಪೆಟ್ಟು ಬಿದ್ದಿದೆ, ಏನು ಬದಲಿಸಿದ್ದೇವೆ, ದಾಖಲೆ ಏನಿದೆ. ಉದಾಹರಣೆಗೆ ಹೀಗೆ:

‘ಇದು ಕರ್ನಾಟಕದ ಬೆಳಗಾವಿ ಜಿಲ್ಲೆ ಚಿಕ್ಕೋಡಿ ತಾಲೂಕಿನ ಅಂಕಲಿಯಲ್ಲಿರುವ ನೋಂದಾಯಿತ ಅಂಗಡಿ. ತಪ್ಪು ನಿರೂಪಣೆ ಎಂಬ ಕಾರಣಕ್ಕೆ ಖಾತೆ ನಿಂತಿದೆ. ಸಂಪರ್ಕ ಪುಟದ ವಿಳಾಸವನ್ನು ಜಿಎಸ್‌ಟಿ ಪ್ರಮಾಣಪತ್ರಕ್ಕೆ ಹೊಂದಿಸಿದ್ದೇವೆ. ಮಾಲು ವಾಪಸ್ ನಿಯಮದ ಪುಟ ಸೇರಿಸಿದ್ದೇವೆ. ಎರಡು ಸರಕುಗಳ ವಿವರಣೆಯಲ್ಲಿದ್ದ ಆರೋಗ್ಯದ ಮಾತುಗಳನ್ನು ತೆಗೆದಿದ್ದೇವೆ. ಪ್ರಮಾಣಪತ್ರ ಲಗತ್ತಿಸಿದೆ.’

ಇಷ್ಟು ಸಾಕು. ಇಂಗ್ಲಿಷಿಗೆ ಹಾಕಿಸುವಾಗಲೂ ಸಣ್ಣ ವಾಕ್ಯಗಳೇ ಇರಲಿ. ‘ಹೊಟ್ಟೆಪಾಡು, ದಯವಿಟ್ಟು’ ಎಂಬುದು ಸತ್ಯವೇ ಆದರೂ ಪರಿಶೀಲಕನಿಗೆ ಅದನ್ನು ಎಣಿಸುವ ಖಾನೆ ಇಲ್ಲ.

ಇವು ಮಾತ್ರ ಬೇಡವೇ ಬೇಡ

ಖಾತೆ ಅಮಾನತಾದಾಗ ಇನ್ನೊಂದು ಖಾತೆ ತೆರೆದರೆ ಅದು ‘ವ್ಯವಸ್ಥೆಗೆ ಕಣ್ಣುಕಟ್ಟು’ ಎಂಬ ಗಂಭೀರ ಉಲ್ಲಂಘನೆ. ಸಣ್ಣ ತಪ್ಪಿಗೆ ನಿಂತಿದ್ದ ಖಾತೆ ಆಮೇಲೆ ಕಾಯಂ ಹೋಗಬಹುದು. ಖಾತೆ ಬಾಡಿಗೆಗೆ ತಗೊಳ್ಳೋದು, ಅಕ್ಷರ ತಿರುಚಿ ನಿಷೇಧಿತ ಪದ ಬರೆಯೋದು, ಪರಿಶೀಲಕರಿಗೊಂದು ಪುಟ ಗಿರಾಕಿಗೊಂದು ಪುಟ ತೋರಿಸೋದು, ಎಲ್ಲಾ ಇದೇ ಲೆಕ್ಕ.

ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ‘24 ಗಂಟೆಯಲ್ಲಿ ಖಾತೆ ವಾಪಸ್’ ಎನ್ನುವವರಿಗೆ ಪಾಸ್‌ವರ್ಡ್, ಒಟಿಪಿ ಕೊಡಬೇಡಿ. ‘ನಿಮ್ಮ ಫೇಸ್‌ಬುಕ್ ಪುಟ ಇಂದೇ ಬಂದ್ ಆಗುತ್ತೆ, ಇಲ್ಲಿ ಒತ್ತಿ’ ಎಂದು ಮೆಸೆಂಜರ್‌ನಲ್ಲಿ ಬರುವ ಸಂದೇಶಗಳೂ ಬಹುತೇಕ ಬಲೆಗಳೇ. ಅಸಲಿ ಸೂಚನೆ ಇದ್ದರೆ ಅದು ಖಾತೆಯೊಳಗೇ ಕಾಣುತ್ತೆ. ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಪ್ಪು ಅವರದ್ದೇ ಆಗಿದ್ದರೆ?

ಅದೂ ಆಗುತ್ತೆ. ಯಂತ್ರ ತಪ್ಪು ಓದುತ್ತೆ. ಆಗ ದಾಖಲೆ ಸಮೇತ ಮೇಲ್ಮನವಿ ಹಾಕಿ. ಫಲ ಸಿಗದಿದ್ದರೆ ಆ ಕಂಪನಿ ಭಾರತದಲ್ಲಿ ನೇಮಿಸಿದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಮಾಹಿತಿ ತಂತ್ರಜ್ಞಾನ ನಿಯಮಗಳು, 2021ರ ಪ್ರಕಾರ ಆ ಅಧಿಕಾರಿಯ ಹೆಸರು ಮತ್ತು ಸಂಪರ್ಕವನ್ನು ಕಂಪನಿ ಪ್ರಕಟಿಸಲೇಬೇಕು, 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ಅವರ ನಿರ್ಧಾರದಿಂದ ಸಮಾಧಾನ ಆಗದಿದ್ದರೆ 30 ದಿನದೊಳಗೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗುವ ದಾರಿ ಇದೆ. 2023ರ ಮಾರ್ಚ್ 1ರಿಂದ ಈ ಸಮಿತಿಗಳ ಆನ್‌ಲೈನ್ ವ್ಯವಸ್ಥೆ ನಡೆಯುತ್ತಿದೆ, ಬೆಂಗಳೂರಿಗೋ ದಿಲ್ಲಿಗೋ ಅಲೆಯಬೇಕಿಲ್ಲ. ಅದಕ್ಕೇ ಮೊದಲ ದಿನದ ಸ್ಕ್ರೀನ್‌ಶಾಟ್, ಇ-ಮೇಲ್, ದಿನಾಂಕಗಳನ್ನು ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ ಎನ್ನುವುದು.

ಕೊನೆಗೆ, ಜಾಹೀರಾತು ನಿಂತರೂ ಅಂಗಡಿ ನಿಲ್ಲಬಾರದು. ಹಳೇ ಗಿರಾಕಿಗಳ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಇಟ್ಟುಕೊಂಡಿದ್ದರೆ ಒಂದು ವಾಟ್ಸ್‌ಆ್ಯಪ್ ಸಂದೇಶದಿಂದ ಅರ್ಧ ಮಾಲು ಹೋಗುತ್ತೆ. ಒಂದೇ ಕಂಪನಿಯ ಜಾಹೀರಾತಿನ ಮೇಲೆ ಇಡೀ ವ್ಯಾಪಾರ ನಿಲ್ಲಿಸುವುದು ಒಂದೇ ಬೋರ್‌ವೆಲ್ ನಂಬಿ ಕಬ್ಬು ಹಚ್ಚಿದಂತೆ. ನವರಾತ್ರಿಗೆ ಇನ್ನೂ ಎರಡು ತಿಂಗಳು ಇರುವಾಗಲೇ ವಿಳಾಸ, ನಿಯಮದ ಪುಟ, ದರ, ಸರಕಿನ ಮಾತು, ಈ ನಾಲ್ಕನ್ನೂ ಒಮ್ಮೆ ಕೂತು ನೋಡಿಕೊಂಡರೆ ಹಬ್ಬದ ಹೊತ್ತಿಗೆ ಮನವಿ ಬರೆಯುವ ಬದಲು ಪಾರ್ಸಲ್ ಕಟ್ಟುತ್ತ ಇರಬಹುದು.